ಕರಿಸಿದ್ದಪ್ಪನವರ ಸಕ್ಕರೆ ಹೋರಿ

ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ ಕರಿಸಿದ್ದಪ್ಪನವರು ಅಲ್ಮೆರಾದ ಬಾಗಿಲು ತೆಗೆದರೆ ಒಳಗೆ ಹೋರಿ ಇರಲಿಲ್ಲ. ಮಡಿಸಿಟ್ಟ ಪಂಚೆ ಇತ್ತು, ಮಫ್ಲರ್ ಇತ್ತು, ಹೋರಿ ನಿಂತಿದ್ದ ಹಳೇ ಕ್ಯಾಲೆಂಡರಿನ ಹಾಳೆಯೂ ಇತ್ತು. ಹಾಳೆಯ ಮೇಲೆ ನಾಲ್ಕು ಗೊರಸಿನ ಗುರುತು ಬಿಟ್ಟರೆ ಇನ್ನೇನೂ ಇರಲಿಲ್ಲ.

ಹೋರಿ ಅಂದರೆ ಸಕ್ಕರೆ ಹೋರಿ. ಹಬ್ಬದಲ್ಲಿ ಎಳ್ಳುಬೆಲ್ಲದ ಜೊತೆ ಮನೆಮನೆಗೆ ಬೀರುವ ಸಕ್ಕರೆ ಅಚ್ಚು ಯಾರಿಗೆ ಗೊತ್ತಿಲ್ಲ? ಗೋಪುರ, ಕಳಶ, ಗಿಳಿ, ಆನೆ. ಇದು ಆ ಜಾತಿಯದಲ್ಲ. ಎಮ್ಮೆದೊಡ್ಡಿ ಕಾವಲಿನಲ್ಲಿ ಮೇಯುವ ಅಮೃತಮಹಲ್ ಹೋರಿ. ಹಿಂದಕ್ಕೆ ಬಾಗಿದ ಉದ್ದನೆ ಕೊಂಬು, ಎತ್ತರದ ಡುಬ್ಬ, ಕುತ್ತಿಗೆಯಿಂದ ಮಡಿಕೆ ಮಡಿಕೆಯಾಗಿ ಇಳಿಬಿದ್ದ ಗಂಗೆದೊಗಲು. ದನದ ಆಸ್ಪತ್ರೆಯಲ್ಲಿ ಡ್ರೆಸ್ಸರ್ ಆಗಿ ಸರ್ವೀಸು ಮುಗಿಸಿದ ಕರಿಸಿದ್ದಪ್ಪನವರು ಅಂಥ ಹೋರಿಗಳಿಗೆ ಸೂಜಿ ಚುಚ್ಚಿದ್ದರು, ಒದೆ ತಿಂದಿದ್ದರು. ಆ ನೆನಪಿನಲ್ಲೇ ದೀಪಾವಳಿಯಿಂದ ಕೂತು, ಹಲಸಿನ ಹಲಗೆಯಲ್ಲಿ ತಾವೇ ಅಚ್ಚು ಕೆತ್ತಿ, ಪಾಕ ಹೊಯ್ದು ಮಾಡಿದ ಹೋರಿ ಅದು.

ಸಕ್ಕರೆಗೆ ಕೊಂಬು ನಿಲ್ಲಿಸುವುದು ಹುಡುಗಾಟವಲ್ಲ. ಅಚ್ಚು ಬಿಡಿಸುವಾಗ ಒಮ್ಮೆ ಕೊಂಬು ಮುರಿದರೆ ಇನ್ನೊಮ್ಮೆ ಕಾಲು. ಆ ಮನೆಯಲ್ಲಿ ತಿಂಗಳಿಡೀ ಕಾಫಿಗೆ ಬಿದ್ದದ್ದು ಮುರಿದ ಕೊಂಬು, ಪಾಯಸಕ್ಕೆ ಬಿದ್ದದ್ದು ಸೊಟ್ಟ ಕಾಲು. ತಳ ಹಿಡಿದ ಪಾಕದ ಪಾತ್ರೆ ಉಜ್ಜಿ ಉಜ್ಜಿ ಹೆಂಡತಿ ಮಲ್ಲಿಕಾಂಬ ಅವರ ಉಗುರೇ ಸವೆದುಹೋಗಿತ್ತು. ಆಕೆ ಬಾಯಿ ಬಿಟ್ಟು ಒಂದು ಮಾತು ಆಡಿರಲಿಲ್ಲ. ಆಡಿದ್ದರೂ ಕೇಳುವವರು ಯಾರು?

ಇಷ್ಟೆಲ್ಲ ಒದ್ದಾಡಿದ್ದು ಒಂದೇ ಒಂದು ಸಿಟ್ಟಿಗಾಗಿ. ಹೋದ ವರ್ಷ ತರೀಕೆರೆಯ ಚಿತ್ರಪ್ರದರ್ಶನದಲ್ಲಿ ಕರಿಸಿದ್ದಪ್ಪನವರ ಬಣ್ಣದ ನವಿಲಿನ ಮುಂದೆ ನಿಂತ ಡ್ರಾಯಿಂಗ್ ಮೇಡಂ ಶಾಂಭವಿ, ಕನ್ನಡಕ ಸರಿಮಾಡಿಕೊಂಡು, "ಹವ್ಯಾಸ ಒಳ್ಳೇದು. ಟೈಮ್ ಪಾಸ್ ಆಗುತ್ತೆ," ಎಂದು ಮುಂದಕ್ಕೆ ಹೋಗಿಬಿಟ್ಟಿದ್ದರು. ಚೆನ್ನಾಗಿಲ್ಲ ಅಂದಿದ್ದರೆ ಕರಿಸಿದ್ದಪ್ಪನವರು ಜಗಳಕ್ಕಾದರೂ ನಿಲ್ಲುತ್ತಿದ್ದರು. ಟೈಮ್ ಪಾಸ್ ಅನ್ನುವ ಮಾತಿಗೆ ಜಗಳವಾಡುವುದು ಹೇಗೆ? ಅಂದಿನಿಂದ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ಮಾವಿನ ನಾರಿನಂತೆ ಕಾಡುತ್ತಿತ್ತು. ಇವತ್ತು ತರೀಕೆರೆಯ ಕಲ್ಯಾಣಮಂಟಪದಲ್ಲಿ ಸಂಕ್ರಾಂತಿಯ ಸಿಹಿ ಕಲಾಸ್ಪರ್ಧೆ. ತೀರ್ಪು ಶಾಂಭವಿ ಮೇಡಂ ಅವರದೇ. ಆ ಬಾಯಿಂದಲೇ "ಇದು ಕಲೆ" ಅನ್ನಿಸಬೇಕು, ಆಮೇಲೆ ಬೇಕಾದರೆ ಪ್ರಾಣ ಹೋಗಲಿ ಅನ್ನುವಷ್ಟು ಹಟ ಕರಿಸಿದ್ದಪ್ಪನವರದು.

ಅಂಥ ದಿನ ಹೋರಿ ಇಲ್ಲ.

"ಮಲ್ಲೀ," ಎಂದು ಕೂಗಿದರು. ಉತ್ತರ ಬರಲಿಲ್ಲ. ಆಕೆ ಮೊದಲ ಬಸ್ಸಿಗೇ ಬುಕ್ಕಾಂಬುಧಿಯ ತಂಗಿಯ ಮನೆಗೆ ಎಳ್ಳು ಕೊಡಲು ಹೋಗಿದ್ದು ನೆನಪಾಯಿತು. ಫೋನ್ ಮಾಡಿದರು. ಅಡಿಗೆಮನೆಯ ಒಗ್ಗರಣೆ ಡಬ್ಬಿಯ ಪಕ್ಕದಲ್ಲೇ ಅದು ರಿಂಗಾಯಿತು.

ತಿಳಿಯುವುದಕ್ಕೆ ಇನ್ನೇನು ಉಳಿದಿದೆ? ನಿನ್ನೆ ಸಂಜೆ ಎಳ್ಳು ಬೀರಲು ಹೊರಟವಳಿಗೆ ಅಚ್ಚು ಸಾಲದೆ ಬಂದಿರುತ್ತದೆ. ಅಲ್ಮೆರಾ ತೆಗೆದಿದ್ದಾಳೆ, ಕೈಗೆ ಸಿಕ್ಕಿದ್ದನ್ನು ತಟ್ಟೆಗೆ ಹಾಕಿದ್ದಾಳೆ. ಮನೆಯಲ್ಲಿ ಇನ್ನೆಲ್ಲಾದರೂ ಇದೆಯೇ ಎಂದು ಒಮ್ಮೆ ಹುಡುಕಬಹುದಿತ್ತು. ಸಿಟ್ಟು ಬಂದವರು ಹುಡುಕುವುದಿಲ್ಲ. ಕರಿಸಿದ್ದಪ್ಪನವರು ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು, ಅಲ್ಮೆರಾದ ಬಾಗಿಲನ್ನೂ ಮುಚ್ಚದೆ ಬೀದಿಗಿಳಿದರು.

ಪಕ್ಕದ ಮನೆಯ ಲಿಂಗಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು.

"ಲಿಂಗಮ್ಮ, ನಿನ್ನೆ ನಮ್ಮವಳು ಎಳ್ಳು ಕೊಟ್ಲಲ್ಲ, ಅದರ ಜೊತೆ ಅಚ್ಚು ಏನು ಕೊಟ್ಟಳು?"

"ಯಾಕಣ್ಣ, ವಾಪಸ್ ಬೇಕಾ?"

"ಏನು ಕೊಟ್ಳು ಹೇಳಮ್ಮ."

"ಏನೋ ಒಂದು ಪ್ರಾಣಿ ಇತ್ತಪ್ಪ. ಕಾಲು ನಾಲ್ಕಿದ್ವು. ಕನ್ನಡಕ ಹಾಕಿರ್ಲಿಲ್ಲ ನಾನು."

"ಕೊಂಬಿತ್ತಾ?"

ಲಿಂಗಮ್ಮ ಅವರೆಕಾಯಿ ಕೆಳಗಿಟ್ಟು ಯೋಚಿಸಿದರು. "ಮುಖದ ಮುಂದ್ಗಡೆ ಏನೋ ಚಾಚ್ಕಂಡಿತ್ತು ಕಣಣ್ಣ."

"ಅದೇ. ಎಲ್ಲಿ ಅದು?"

"ನಮ್ಮನೇಲಿ ಸಕ್ಕರೆ ಕಾಯ್ಲೆ, ಇಟ್ಕಂಡು ಏನ್ಮಾಡ್ಲಿ? ಯಶೋದಾ ತಟ್ಟೆಗೆ ಹಾಕ್ಬಿಟ್ಟೆ."

ಇದೇ ನೋಡಿ ನಮ್ಮ ಜನರ ಬುದ್ಧಿ. ಒಬ್ಬರು ಕೊಟ್ಟ ಅಚ್ಚನ್ನು ಇನ್ನೊಬ್ಬರ ತಟ್ಟೆಗೆ ಹಾಕುವುದು, ಅವರು ಮತ್ತೊಬ್ಬರಿಗೆ ದಾಟಿಸುವುದು. ಊರಿಗೆಲ್ಲ ಒಂದು ಡಜನ್ ಅಚ್ಚು ಮಾಡಿಬಿಟ್ಟರೆ ಹಬ್ಬ ಸುಗಮವಾಗಿ ನಡೆದುಹೋಗುತ್ತದೆ. ತಿನ್ನುವವರು ಯಾರೂ ಇಲ್ಲ, ಬೀರುವವರೇ ಎಲ್ಲ. ಕರಿಸಿದ್ದಪ್ಪನವರು ಇದನ್ನೇ ಇನ್ನೂ ಖಾರವಾಗಿ ಹೇಳಿ ಯಶೋದಾ ಮನೆಯತ್ತ ಹೆಜ್ಜೆ ಹಾಕಿದರು. ಲಿಂಗಮ್ಮ ಅವರೆಕಾಯಿಯ ಮೇಲೆ ಮೊರ ಮುಚ್ಚಿ ಹಿಂದೆಯೇ ಬಂದರು. ಬೆಳಿಗ್ಗೆಯೇ ಇಂಥ ಜಗಳ ಸಿಗುವಾಗ ಮನೆಯಲ್ಲಿ ಕೂರಲು ಅವರಿಗೇನು ಹುಚ್ಚೇ?

ಯಶೋದಾ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ವಿಷಯ ಕೇಳಿ, ಸೂಜಿಗೆ ದಾರ ಪೋಣಿಸುತ್ತಲೇ, "ನಮ್ಮಣ್ಣ ರುದ್ರಮೂರ್ತಿ ಬಂದಿದ್ದ ಕಣ್ರೀ, ತರೀಕೆರೆಯಿಂದ. ಡಬ್ಬಿಗೆ ಹಾಕಿ ಕಳಿಸ್ಬಿಟ್ಟೆ," ಎಂದಳು.

"ಹೋರಿನ ಡಬ್ಬಿಗೆ ತುಂಬಿದ್ಯಾ?"

"ಹೋರಿನಾ? ನಾನು ಸರಿಯಾಗಿ ನೋಡ್ಲಿಲ್ಲ. ದಪ್ಪಕ್ಕಿತ್ತು. ಹಿಂದ್ಗಡೆ ಚೆನ್ನಾಗಿ ಮೇದಂಗಿತ್ತು."

ಹಿಂಭಾಗ ಕೆತ್ತಲು ದಿನಗಟ್ಟಲೆ ಕೂತಿದ್ದ ಕರಿಸಿದ್ದಪ್ಪನವರಿಗೆ ಸಿಟ್ಟಿನ ನಡುವೆಯೂ ಒಂದು ಗಳಿಗೆ ಹಿತವಾಯಿತು. ಯಶೋದಾ ಅಣ್ಣನಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು.

"ಆ ಅಚ್ಚಾ? ಪಕ್ಕದ ಮನೆ ಕೋಮಲಾ ಮೇಡಂ ಮಗಳು ಭೂಮಿಕಾ ಆಟ ಆಡ್ತಾ ನಿಂತಿತ್ತು. ಪಾಪ ಅಂತ ಅದರ ಕೈಗೆ ಕೊಟ್ಬಿಟ್ಟೆ. ಯಾಕೆ?" ಎಂದಿತು ರುದ್ರಮೂರ್ತಿಯ ಧ್ವನಿ. "ಇವತ್ತು ಅದೂ ಸ್ಪರ್ಧೆಗೆ ಹೋಗಿದೆ. ಏನೋ ಸಕ್ಕರೆ ಹೋರಿ ಮಾಡೈತಂತೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮಾಡೈತಂತೆ," ಎಂದರು ಕರಿಸಿದ್ದಪ್ಪನವರು. ಅವರ ಕಿವಿ ಕೆಂಪಾಗಿತ್ತು. "ಈ ಮೂರು ತಾಲ್ಲೂಕಲ್ಲಿ ಅಮೃತಮಹಲ್ ಹೋರಿನ ಸಕ್ಕರೇಲಿ ಮಾಡೋಕೆ ನನ್ನ ಬಿಟ್ರೆ ಯಾವನಿಗೆ ಬರುತ್ತೆ?"

ತರೀಕೆರೆ ಬಸ್ಸು ಹಬ್ಬ ಮುಗಿಸಿ ಹೊರಟವರಿಂದ ತುಂಬಿಹೋಗಿತ್ತು. ಕರಿಸಿದ್ದಪ್ಪನವರು ಕಂಬಿ ಹಿಡಿದು ನಿಂತು ದಾರಿಯುದ್ದಕ್ಕೂ ಹೆಂಡತಿಯನ್ನು ಬೈದರು, ಭೂಮಿಕಾಳ ತಾಯಿಯನ್ನು ಬೈದರು, ಸಂಕ್ರಾಂತಿಯನ್ನು ಕಂಡುಹಿಡಿದವರನ್ನು ಬೈದರು. ಲಿಂಗಮ್ಮ, ಯಶೋದಾ ಇಬ್ಬರೂ ಸೀಟು ಹಿಡಿದು, ಹಿಂದಿನವರಿಗೂ ಮುಂದಿನವರಿಗೂ ಕತೆಯನ್ನು ಮೊದಲಿಂದ ಹೇಳುತ್ತ ಬಂದರು. ತರೀಕೆರೆ ಬರುವಷ್ಟರಲ್ಲಿ ಕತೆ ಚೆನ್ನಾಗಿ ಮೇದು ಬಲಿತಿತ್ತು. ಇಳಿಯುವಾಗ ಕಂಡಕ್ಟರ್ ಸಹ, "ಬಿಡ್ಬೇಡಿ ಯಜಮಾನ್ರೆ, ಮಕ್ಕಳ ಹೆಸರಲ್ಲಿ ದೊಡ್ಡೋರು ಆಡೋ ಆಟ ಇದು," ಎಂದು ಧೈರ್ಯ ತುಂಬಿದ.

ಕಲ್ಯಾಣಮಂಟಪದಲ್ಲಿ ಉದ್ದುದ್ದ ಮೇಜು ಹಾಕಿ ಬಿಳಿ ಬಟ್ಟೆ ಹಾಸಿದ್ದರು. ದೊಡ್ಡವರ ಮೇಜಿನ ಮೇಲೆ ಸಕ್ಕರೆ ಗೋಪುರಗಳು, ಕೊಬ್ಬರಿಯ ಹೂವುಗಳು, ಕರ್ಜಿಕಾಯಿ ಜೋಡಿಸಿ ಮಾಡಿದ ರಂಗೋಲಿ. ಇನ್ನೊಂದು ಮೇಜು ಮಕ್ಕಳದು. ಅದರ ನಡುವೆ ನಿಂತಿತ್ತು ಹೋರಿ. ಬಾಗಿದ ಕೊಂಬು, ಡುಬ್ಬ, ನಾಲ್ಕು ಕಾಲು. ಮುಂದೆ ಚೀಟಿ: ಭೂಮಿಕಾ, ನಾಲ್ಕನೆ ತರಗತಿ. ಚೀಟಿಯ ಮೇಲೆ ಆಗಲೇ ಮೊದಲ ಬಹುಮಾನದ ಕೆಂಪು ರಿಬ್ಬನ್ ಅಂಟಿಸಿದ್ದರು.

ಕರಿಸಿದ್ದಪ್ಪನವರಿಗೆ ಕಣ್ಣು ಮಂಜಾಯಿತು. ಅದು ಸಿಟ್ಟಿನ ಮಂಜೋ ಅಭಿಮಾನದ್ದೋ ಹೇಳುವುದು ಕಷ್ಟ.

"ಇದು ನನ್ನ ಹೋರಿ," ಎಂದರು ಗಟ್ಟಿಯಾಗಿ.

ಮೇಜಿನ ಪಕ್ಕದಲ್ಲಿ ಎರಡು ಜಡೆಯ ಹುಡುಗಿ ನಿಂತಿದ್ದಳು. "ಅಲ್ಲ ತಾತ, ನಂದು," ಎಂದಳು.

"ರುದ್ರಮೂರ್ತಿ ಮಾಮ ನಿಂಗೆ ನಿನ್ನೆ ಅಚ್ಚು ಕೊಟ್ಟಿದ್ರೋ ಇಲ್ವೋ?"

"ಕೊಟ್ಟಿದ್ರು. ಅದು ಆನೆ. ತಿಂದ್ಬಿಟ್ಟೆ."

"ತಿಂದ್ಳಂತೆ," ಎಂದರು ಕರಿಸಿದ್ದಪ್ಪನವರು ಸುತ್ತ ನೆರೆದವರತ್ತ ತಿರುಗಿ. "ಹೆಂಗೆ ಕಲ್ತಿದೆ ನೋಡಿ, ಇಷ್ಟು ವಯಸ್ಸಿಗೆ."

ಹುಡುಗಿಯ ತಾಯಿ ಕೋಮಲಾ ಮುಂದೆ ಬಂದರು. ತಾಲ್ಲೂಕು ಕಚೇರಿಯಲ್ಲಿ ಕೆಲಸ, ಜಗಳ ಅವರಿಗೆ ಹೊಸದಲ್ಲ. "ಮಾತು ನೋಡಿ ಆಡಿ ಸರ್. ನಮ್ಮ ತವರು ಎಮ್ಮೆದೊಡ್ಡಿ ಪಕ್ಕ. ಮಗು ರಜಕ್ಕೆ ಹೋದಾಗಲೆಲ್ಲ ಕಾವಲಲ್ಲಿ ಹೋರಿ ನೋಡಿದೆ. ಬಸವಣ್ಣನ ಅಚ್ಚಲ್ಲಿ ಮೈ ಮಾಡಿ, ಕೊಂಬು ಕಾಲು ತಾನೇ ಅಂಟಿಸಿದ್ದಾಳೆ. ನಾನು ಪಾಕ ಮಾತ್ರ ಹೊಯ್ದುಕೊಟ್ಟೆ."

ಗಲಾಟೆ ಕೇಳಿ ಶಾಂಭವಿ ಮೇಡಂ ಬಂದರು. ಅದೇ ಕನ್ನಡಕ, ಅದೇ ತಣ್ಣನೆ ಮುಖ. "ನಿಮ್ಮದು ಅನ್ನೋಕೆ ಏನು ಗುರುತು?" ಎಂದು ಕೇಳಿದರು.

"ಎಡಗೊಂಬು ಮುರಿದಿತ್ತು ಮೇಡಂ. ಪಾಕ ಹಚ್ಚಿ ಅಂಟಿಸಿದ್ದೆ. ಬುಡದಲ್ಲಿ ಗೆರೆ ಇರಬೇಕು, ನೋಡಿ."

ಶಾಂಭವಿ ಮೇಡಂ ಬಗ್ಗಿ ನೋಡಿದರು. ಗೆರೆ ಇತ್ತು. ಸಕ್ಕರೆಯಲ್ಲಿ ಕೊಂಬು ನಿಲ್ಲಿಸಲು ಹೋದವರ ಎಲ್ಲ ಹೋರಿಗೂ ಅಂಥದೊಂದು ಗೆರೆ ಇದ್ದೇ ಇರುತ್ತದೆ ಎಂದು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಬಲಗೊಂಬನ್ನು ಯಾರೂ ನೋಡಲೇ ಇಲ್ಲ. ನೋಡಿದ್ದರೆ ಅಲ್ಲೂ ಇತ್ತು.

ಇನ್ನು ಸಾಕ್ಷಿಗಳು. ಬೆಳಿಗ್ಗೆ ಕಾಲು ನಾಲ್ಕಿದ್ದವು ಅನ್ನುವುದು ಬಿಟ್ಟರೆ ಬೇರೇನೂ ನೆನಪಿಲ್ಲದಿದ್ದ ಲಿಂಗಮ್ಮ ಈಗ ಎದೆಯ ಮೇಲೆ ಕೈಯಿಟ್ಟು, "ಇದೇ ಕಣಮ್ಮ. ನನ್ನ ಕೈಯಾರೆ ತಟ್ಟೆಗಿಟ್ಟಿದ್ದೆ. ಕೊಂಬು ನೋಡಿ ನಾನೇ ಹೆದರ್ಕಂಡಿದ್ದೆ," ಎಂದರು. ಯಶೋದಾ, "ಈ ಹಿಂಭಾಗ ನಾನು ಎಲ್ಲಿ ನೋಡಿದ್ರೂ ಗುರುತು ಹಿಡೀತೀನಿ," ಎಂದಳು. ಅಷ್ಟರಲ್ಲಿ ಬಂದ ರುದ್ರಮೂರ್ತಿ ತಲೆ ಕೆರೆದುಕೊಂಡು, "ಇದೇ ಇರಬೇಕು. ನಾನು ಡಬ್ಬಿ ತೆಗೆದು ನೋಡ್ಲಿಲ್ಲ, ಹಂಗೇ ಕೊಟ್ಟೆ," ಎಂದ. ಜನರಲ್ಲಿ ಗುಸುಗುಸು ಎದ್ದಿತು. ಭೂಮಿಕಾ ತಾಯಿಯ ಹಿಂದೆ ಸರಿದಳು.

ಕರಿಸಿದ್ದಪ್ಪನವರು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಯಾರೋ ಅವರ ಕೈಗೆ ಮೈಕು ಕೊಟ್ಟರು. ಸಿಟ್ಟಿನಲ್ಲಿರುವ ಮನುಷ್ಯನಿಗೆ ಮೈಕು ಕೊಡುವವರಿಗೆ ಏನು ಹೇಳೋಣ.

"ಈ ಮಗುದು ತಪ್ಪಿಲ್ಲ, ತಪ್ಪು ನನ್ನ ಮನೆಯವಳದ್ದು," ಎಂದು ಶುರುಮಾಡಿದರು. "ತಿಂಗಳುಗಟ್ಟಲೆ ಕೂತು ಮಾಡಿದ್ದನ್ನ ಎತ್ತಿ ಎಳ್ಳಿನ ತಟ್ಟೆಗೆ ಹಾಕಿದ್ದಾಳೆ. ಕಲೆಗೂ ಕುಂಬಳಕಾಯಿಗೂ ವ್ಯತ್ಯಾಸ ಗೊತ್ತಿಲ್ಲದ ಹೆಂಗಸು. ಸಾರಿಗೆ ಉಪ್ಪು ಹಾಕೋದು ಬಿಟ್ರೆ ಆ ಕೈಗೆ ಏನೂ ಬರಲ್ಲ. ಅಂಥವಳ ಜೊತೆ ಒಬ್ಬ ಕಲಾವಿದ ಹೆಂಗೆ ಬಾಳ್ವೆ ಮಾಡ್ಬೇಕು, ನೀವೇ ಹೇಳಿ."

ಗಂಡಸರು ಕೆಲವರು ನಕ್ಕರು. ಹೆಂಗಸರು ಯಾರೂ ನಗಲಿಲ್ಲ.

ಶಾಂಭವಿ ಮೇಡಂ ಚೀಟಿಯಲ್ಲಿ ಭೂಮಿಕಾಳ ಹೆಸರು ಹೊಡೆದುಹಾಕಿ, ಅದರ ಸಮೇತ ಹೋರಿಯನ್ನು ದೊಡ್ಡವರ ಮೇಜಿಗೆ ಸಾಗಿಸಿದರು. ಕರಿಸಿದ್ದಪ್ಪನವರ ಹೆಸರು ಬರೆದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಇನ್ನೊಮ್ಮೆ ನೋಡಿ, ಕೆಂಪು ರಿಬ್ಬನ್ ಕಿತ್ತುಬಿಟ್ಟರು.

"ಮಗು ಮಾಡಿದ್ದು ಅಂತ ಫಸ್ಟ್ ಕೊಟ್ಟಿದ್ವಿ. ದೊಡ್ಡೋರು ಮಾಡಿದ್ದು ಅಂದ್ರೆ ಈ ಕಾಲು, ಈ ಮೂತಿ..." ಎಂದು ಅರ್ಧಕ್ಕೆ ನಿಲ್ಲಿಸಿದರು. "ಪರವಾಗಿಲ್ಲ. ಸಮಾಧಾನಕರ ಬಹುಮಾನ ಕೊಡೋಣ."

ಸಮಾಧಾನಕರ ಬಹುಮಾನ ಅಂದರೆ ಹಸಿರು ಬಣ್ಣದ ಸ್ನಾನದ ಮಗ್ಗು. ಅದು ಕೈಗೆ ಬಂದಾಗ ಕರಿಸಿದ್ದಪ್ಪನವರು ಮೊದಲ ಸಲ ಹೋರಿಯನ್ನು ಸರಿಯಾಗಿ ನೋಡಿದರು. ಮೂತಿ ನಿಜಕ್ಕೂ ಸೊಟ್ಟಗಿತ್ತು. ಗಂಗೆದೊಗಲು ಕಾಣಲೇ ಇಲ್ಲ. ಡಬ್ಬಿಯಲ್ಲಿ ಉಜ್ಜಿಹೋಗಿರಬೇಕು ಎಂದುಕೊಂಡರು.

ಆಗಲೇ ಜನರ ಹಿಂದಿನಿಂದ ದಾರಿ ಮಾಡಿಕೊಂಡು ಮಲ್ಲಿಕಾಂಬ ಮುಂದೆ ಬಂದರು. ಎರಡೂ ಕೈಯಲ್ಲಿ ಸ್ಟೀಲಿನ ಡಬ್ಬಿ ಹಿಡಿದಿದ್ದರು.

ಆಗಿದ್ದು ಇಷ್ಟೇ. ನಿನ್ನೆ ರಾತ್ರಿ ಅಲ್ಮೆರಾಕ್ಕೆ ಇರುವೆ ಸಾಲು ಹತ್ತಿದ್ದನ್ನು ನೋಡಿ ಆಕೆ ಹೋರಿಯನ್ನು ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿ, ಅಕ್ಕಿ ಡ್ರಮ್ಮಿನೊಳಗೆ ಇಟ್ಟಿದ್ದರು. ಗಂಡ ಗೊರಕೆ ಹೊಡೆಯುತ್ತಿದ್ದರು, ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡಿದ್ದರು. ಮೊದಲ ಬಸ್ಸಿನ ಗಡಿಬಿಡಿಯಲ್ಲಿ ಮರೆತುಹೋಯಿತು. ಬುಕ್ಕಾಂಬುಧಿಯಿಂದ ಬಂದು ನೋಡಿದರೆ ಅಲ್ಮೆರಾದ ಬಾಗಿಲು ಹಾರುಹೊಡೆದಿದೆ, ಗಂಡ ಇಲ್ಲ. ಅಯ್ಯೋ, ಬರಿಗೈಲಿ ಹೋದರಲ್ಲ ಎಂದು ಊಟವನ್ನೂ ಮಾಡದೆ ತರೀಕೆರೆ ಬಸ್ಸು ಹತ್ತಿದ್ದರು. ಕೊಂಬು ಅಲುಗಬಾರದೆಂದು ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದಿದ್ದರು. ಮಂಟಪದ ಬಾಗಿಲಿಗೆ ಬಂದಾಗ ಮೈಕಿನಲ್ಲಿ ಗಂಡನ ಧ್ವನಿ ಕೇಳಿತು. ಕುಂಬಳಕಾಯಿಯಿಂದ ಸಾರಿನವರೆಗೆ ಎಲ್ಲವನ್ನೂ ಅಲ್ಲೇ ನಿಂತು ಕೇಳಿಸಿಕೊಂಡಿದ್ದರು.

ಮಲ್ಲಿಕಾಂಬ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಹತ್ತಿಯೊಳಗಿಂದ ಹೋರಿಯನ್ನು ಎತ್ತಿ ನಿಲ್ಲಿಸಿದರು. ಕುತ್ತಿಗೆ ಕೊಂಚ ತಿರುಗಿಸಿ, ಮುಂಗಾಲು ಊರಿ, ಈಗಲೋ ಆಗಲೋ ಹಾಯಲು ಬರುವಂತಿತ್ತು ಅದು. ಗಂಗೆದೊಗಲಿನ ಒಂದೊಂದು ಮಡಿಕೆಯೂ ಎಣಿಸುವಂತಿತ್ತು.

"ಏನ್ರೀ, ಇದು ಯಾರದ್ದು?" ಎಂದು ಕೇಳಿದರು ಮಲ್ಲಿಕಾಂಬ.

ಕರಿಸಿದ್ದಪ್ಪನವರು ತಲೆ ಎತ್ತಿದರು. ಎದುರಿಗೆ ಕೋಮಲಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಇನ್ನೊಂದು ಕೈಯಲ್ಲಿದ್ದ ಮೊಬೈಲು ವಿಡಿಯೋ ತೆಗೆಯುತ್ತಿತ್ತು. "ಹೇಳಿ ಸರ್," ಎಂದರು ಕೋಮಲಾ. "ಇದು ನಿಮ್ದಾದ್ರೆ, ನನ್ನ ಮಗಳ ಕೈಯಿಂದ ಕಿತ್ಕಂಡಿದ್ದು ಯಾರ್ದು?"

ನಂದು ಅಂದರೆ ನಾಲ್ಕನೆ ತರಗತಿ ಮಗುವಿನ ಬಹುಮಾನ ಕಿತ್ತುಕೊಂಡ ಕಳ್ಳ. ಊರಿಗೆ ಹೋದರೆ ಲಿಂಗಮ್ಮನ ಜಗಲಿಯ ಮುಂದೆ ಓಡಾಡುವ ಹಾಗಿಲ್ಲ. ಕರಿಸಿದ್ದಪ್ಪನವರು ಮಗ್ಗನ್ನು ಎದೆಗೆ ಒತ್ತಿ ಹಿಡಿದು, "ನಂದಲ್ಲ," ಎಂದರು.

"ನಿಮ್ದಲ್ವಾ?"

"ನಂದಲ್ಲ ಅಂದ್ನಲ್ಲ."

"ಸರಿ," ಎಂದರು ಮಲ್ಲಿಕಾಂಬ. ಆ ಸರಿ ಅನ್ನುವ ಮಾತು ಕೇಳಿ ಕರಿಸಿದ್ದಪ್ಪನವರಿಗೆ ಮೈ ಜುಮ್ಮೆಂದಿತು. ಮದುವೆಯಾದಾಗಿನಿಂದ ಆಕೆ ಅಷ್ಟು ಮೆಲ್ಲಗೆ ಸರಿ ಅಂದಿದ್ದು ಅವರು ಕೇಳಿರಲಿಲ್ಲ.

ಶಾಂಭವಿ ಮೇಡಂ ಹೋರಿಯ ಸುತ್ತ ಒಂದು ಸುತ್ತು ಬಂದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಯಾರಮ್ಮ ಮಾಡಿದ್ದು ಇದನ್ನ?"

"ನಮ್ಮನೇದು ಮೇಡಂ," ಎಂದರು ಮಲ್ಲಿಕಾಂಬ. "ಮನೇಲಿರೋರು ನಾವಿಬ್ರೇ. ಅವ್ರದ್ದಲ್ಲ ಅಂತ ಅವರೇ ಹೇಳ್ತಿದ್ದಾರೆ."

ಶಾಂಭವಿ ಮೇಡಂ ಮೈಕು ತರಿಸಿದರು. "ಇಷ್ಟು ವರ್ಷ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟಿದ್ದೀನಿ. ಸಕ್ಕರೆಗೆ ಹೀಗೆ ಜೀವ ಬಂದಿದ್ದು ನಾನು ನೋಡಿರ್ಲಿಲ್ಲ. ಇದು ಕಲೆ," ಎಂದರು. ಜನ ಚಪ್ಪಾಳೆ ತಟ್ಟಿದರು. ಲಿಂಗಮ್ಮ, "ಆ ಹೋರಿ ಬೇರೆ, ಈ ಹೋರಿ ಬೇರೆ, ನಾನು ಆಗಲೇ ಅಂದ್ಕಂಡೆ," ಎಂದು ಪಕ್ಕದವರಿಗೆ ಹೇಳಿ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಮೊದಲ ಬಹುಮಾನದ ಹಿತ್ತಾಳೆ ದೀಪದ ಕಂಬವನ್ನು ಮಲ್ಲಿಕಾಂಬ ಅವರ ಕೈಗಿತ್ತು ಫೋಟೋ ತೆಗೆದರು. ಒಂದು ವರ್ಷ ಕನಸಿನಲ್ಲೆಲ್ಲ ಕೇಳಿಸಿಕೊಂಡಿದ್ದ ಮಾತು ಕೊನೆಗೂ ಆ ಬಾಯಿಂದ ಬಂದಿತ್ತು, ಕರಿಸಿದ್ದಪ್ಪನವರು ಮಗ್ಗು ಹಿಡಿದುಕೊಂಡು ಅದನ್ನು ಪಕ್ಕದಲ್ಲಿ ನಿಂತು ಕೇಳಿದರು.

ಫೋಟೋ ಮುಗಿದ ಮೇಲೆ ಮಲ್ಲಿಕಾಂಬ ಹೋರಿಯನ್ನು ಎತ್ತಿಕೊಂಡು ಹೋಗಿ, ಕಣ್ಣೊರೆಸಿಕೊಳ್ಳುತ್ತಿದ್ದ ಭೂಮಿಕಾಳ ಕೈಗೆ ಕೊಟ್ಟರು. "ತಗೋ ತಾಯಿ. ನಿನ್ನ ಹೋರಿನ ನಮ್ಮನೆಯವರು ಇಟ್ಕಂಡ್ರು. ಇದು ನಿಂದು."

ಶಾಂಭವಿ ಮೇಡಂ ಕರಿಸಿದ್ದಪ್ಪನವರ ಹತ್ತಿರ ಬಂದು, ದನಿ ತಗ್ಗಿಸಿ, ನಿಜವಾದ ಕನಿಕರದಿಂದ ಹೇಳಿದರು: "ಬೇಜಾರು ಮಾಡ್ಕೋಬೇಡಿ. ಮನೇಲೇ ಇಂಥ ಕೈ ಇದೆ. ಅವ್ರ ಹತ್ರ ಕೂತು ಕಲ್ತ್ಕೊಳ್ಳಿ."

"ನಾನೇ ಹೇಳ್ಕೊಡ್ತೀನಿ ಮೇಡಂ," ಎಂದರು ಹಿಂದೆಯೇ ಬಂದ ಮಲ್ಲಿಕಾಂಬ. "ನನ್ನ ಹಲಸಿನ ಅಚ್ಚು ಎಲ್ಲಿ ಹಾಳ್ಮಾಡ್ತಾರೋ ಅಂತ ಇಷ್ಟು ದಿನ ಮುಟ್ಟೋಕೆ ಬಿಟ್ಟಿರ್ಲಿಲ್ಲ."

ಕರಿಸಿದ್ದಪ್ಪನವರಿಗೆ ಇನ್ನು ತಡೆಯಲಾಗಲಿಲ್ಲ. ಕಳ್ಳ ಅನ್ನಲಿ, ಸುಳ್ಳ ಅನ್ನಲಿ, ವಿಡಿಯೋ ಊರೆಲ್ಲ ಹಂಚಲಿ. ಮಗ್ಗನ್ನು ಮೇಜಿನ ಮೇಲೆ ಕುಕ್ಕಿ, "ಮೇಡಂ, ಇಲ್ಲಿ ಕೇಳಿ. ಆಗ ಸಿಟ್ಟಲ್ಲಿ ಹೊಳೀಲಿಲ್ಲ. ಆ ಹೋರಿಯ ಎಡಗಿವಿ ಹಿಂದೆ ನಾನು ಸೂಜಿಯಲ್ಲಿ ನನ್ನ ಹೆಸರು ಕೊರೆದಿದ್ದೀನಿ. ಬನ್ನಿ, ತೋರಿಸ್ತೀನಿ," ಎಂದು ಕೈ ಚಾಚಿ ತಿರುಗಿದರು.

ಕುರ್ಚಿಯ ಮೇಲೆ ಕೂತು ಕಾಲಾಡಿಸುತ್ತಿದ್ದ ಭೂಮಿಕಾ ಆಗಲೇ ತಲೆ ಮುಗಿಸಿ, ಡುಬ್ಬಕ್ಕೆ ಬಾಯಿ ಹಾಕಿದ್ದಳು.